ಮದರಾಸಿನ ಹರಿಯದ ನೀರು

ನಾನು ನಿಂತಿದ್ದದ್ದು ಮದರಾಸಿನ ಸಮುದ್ರದಂಡೆಯಲ್ಲಿ, ಒದ್ದೆ ಮರಳು ಮುಗಿದು ಒಣ ಮರಳು ಮೊದಲಾಗುವ ಗೆರೆಯ ಮೇಲೆ. ಬಲಗಾಲಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಅದರೊಳಗಿನ ಮರಳನ್ನು ಕೊಡವುತ್ತಿದ್ದೆ. ಸಂಕ್ರಾಂತಿ ಕಳೆದ ದಿನಗಳು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಸೂರ್ಯ ನನ್ನ ಬೆನ್ನ ಹಿಂದೆ ಊರಿನ ಮೇಲೆ ಇಳಿಯುತ್ತಿದ್ದುದರಿಂದ ನನ್ನ ನೆರಳು ನೀರಿನ ಕಡೆಗೆ ಉದ್ದವಾಗಿ ಚಾಚಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುತ್ತಿರುವುದಕ್ಕೆ ಕಾರಣವಿದೆ. ಆ ಸಂಜೆ ನಮ್ಮ ಅವ್ವ ನಮ್ಮೆಲ್ಲರ ಎದುರಿಗೇ ನೀರಿನಲ್ಲಿ ಕಾಣದಾದಳು. ಅದರಲ್ಲಿ ನಾನು ಕಂಡದ್ದೆಷ್ಟು, ಆಮೇಲೆ ಕೇಳಿ ತಿಳಿದದ್ದೆಷ್ಟು ಎಂಬುದನ್ನು ಬೆರೆಸದೆ ಹೇಳಬೇಕೆಂದು ನನ್ನ ಆಸೆ.

ನಮ್ಮದು ಕಂಪ್ಲಿ. ಮನೆಯಿಂದ ಹೊಳೆಗೆ ಕೂಗಳತೆ. ಗದ್ದೆಗಳು ಎಮ್ಮಿಗನೂರಿನ ಕಡೆ. ಆ ಗದ್ದೆಯೊಂದರ ದಾವೆ ಹೊಸಪೇಟೆಯಲ್ಲಿ ಮುಗಿಯದೆ, ಬಳ್ಳಾರಿಯಲ್ಲೂ ಮುಗಿಯದೆ ಮದರಾಸಿನ ಹೈಕೋರ್ಟಿನವರೆಗೆ ಹೋಗಿತ್ತು. ಅಲ್ಲಿನ ವಕೀಲರು ಅಣ್ಣ ಬಸಣ್ಣನನ್ನು ಖುದ್ದು ಬಂದು ಕಾಣಲು ಹೇಳಿ ಕಳಿಸಿದಾಗ, ಅಪ್ಪ ಒಂದು ಗಳಿಗೆ ಯೋಚಿಸಿ, ಒಬ್ಬನೇ ಹೋಗುವ ಬದಲು ಎಲ್ಲರೂ ಹೋಗೋಣ, ಅವ್ವನಿಗೆ ಸಮುದ್ರ ತೋರಿಸಿದ ಹಾಗೂ ಆಯಿತು ಎಂದರು. ಎಲ್ಲರೂ ಎಂದರೆ ಅಪ್ಪ, ಅವ್ವ, ಬಸಣ್ಣ, ಹೊಸಪೇಟೆಯ ಶಾಲೆಯಲ್ಲಿ ಮಾಸ್ತರನಾಗಿದ್ದ ನಾನು, ಮತ್ತು ನನ್ನನ್ನು ಮದುವೆಯಾಗಿ ಇನ್ನೂ ವರ್ಷ ತುಂಬದ ಗೌರಮ್ಮ.

ಗೌರಮ್ಮನದು ಸಂಡೂರು. ನಾವು ಮದರಾಸು ಸರ್ಕಾರದ ಪ್ರಜೆಗಳಾದರೆ ಅವಳು ಸಂಸ್ಥಾನದ ಪ್ರಜೆ. ಬಂಡಿಯಲ್ಲಿ ಹೋಗಿ ಬರುವಷ್ಟು ಹತ್ತಿರದ ಪರದೇಶದಿಂದ ಸೊಸೆ ತಂದೆವೆಂದು ಬಸಣ್ಣ ನಗುತ್ತಿದ್ದ. ಅವ್ವನ ತಕರಾರು ಬೇರೆ. ಗುಡ್ಡದ ಸೀಮೆಯಲ್ಲಿ, ಬಾವಿಯ ನೀರಿನಲ್ಲಿ ಬೆಳೆದ ಆ ಹುಡುಗಿಗೆ ಹೊಳೆಯೆಂದರೆ ಭಯ. ಮಿಕ್ಕ ಹೆಂಗಸರು ಎದೆಮಟ್ಟದ ನೀರಿನಲ್ಲಿ ಮುಳುಗಿ ಏಳುತ್ತಿದ್ದರೆ ಇವಳು ಕೊನೆಯ ಮೆಟ್ಟಿಲ ಮೇಲೆ ಕುಳಿತು ಚೊಂಬಿನಿಂದ ಸುರಿದುಕೊಳ್ಳುತ್ತಿದ್ದಳು.

"ಹೊಳಿ ದಂಡಿಗೆ ಕುಂತು ಚೊಂಬಿನ ಸ್ನಾನ ಮಾಡೋದು ನಮ್ಮ ಮನಿತನದಾಗ ಇದೇ ಮೊದಲು ನೋಡವ್ವ" ಎಂದು ಅವ್ವ ಪಕ್ಕದವರಿಗೆ ಹೇಳುತ್ತಿದ್ದಳು, ಸೊಸೆಗೆ ಕೇಳುವ ಹಾಗೆ.

ಮದರಾಸಿಗೆ ಕುಟುಂಬ ಕಟ್ಟಿಕೊಂಡು ಹೊರಡುವ ಓದುಗ ಮಹಾಶಯರಿಗೆ ಅನುಭವದ ನಾಲ್ಕು ಮಾತು ಇಲ್ಲೇ ಹೇಳಿದರೆ ತಪ್ಪಾಗಲಾರದು. ಹೊಸಪೇಟೆಯಲ್ಲಿ ರೈಲು ಹತ್ತುವವರು ಗುಂತಕಲ್ಲಿನಲ್ಲಿ ಇಳಿದು ಬೇರೆ ಗಾಡಿ ಹಿಡಿಯಬೇಕು. ಅಲ್ಲಿನ ಕಾಯುವಿಕೆ ಪ್ರಯಾಣದ ವಿರಾಮವಲ್ಲ, ಪ್ರಯಾಣದ ಬಹುಭಾಗವೇ ಅದು ಎಂದು ಮೊದಲೇ ಮನಸ್ಸು ಗಟ್ಟಿಮಾಡಿಕೊಳ್ಳುವುದು ಒಳ್ಳೆಯದು. ಒಣಗಿಸಿದ ಜೋಳದ ಕಟಕ ರೊಟ್ಟಿಯ ಗಂಟು ದೊಡ್ಡದೇ ಇರಲಿ, ಏಕೆಂದರೆ ಆ ಊರಿನಲ್ಲಿ ಬೆಳಗಾದರೆ ಅನ್ನ, ಸಂಜೆಯಾದರೆ ಅನ್ನ. ಜೋಳವೆಂದರೆ ಗುಬ್ಬಿಗೆ ಹಾಕುವುದೇ ಎಂದು ನಾವು ಇಳಿದಿದ್ದ ಛತ್ರದ ಅಡುಗೆ ಭಟ್ಟರು ನಮ್ಮನ್ನು ಕರುಣೆಯಿಂದ ನೋಡಿದರು. ಛತ್ರದ ಬಾವಿಯ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆಯಾಗುವುದಿಲ್ಲ, ಬಾಯಾರಿಕೆಯೂ ತೀರುವುದಿಲ್ಲ. ಟ್ರಾಮಿನಿಂದ ಇಳಿಯುವವರು ಅದು ನಿಂತ ಮೇಲೆಯೇ ಇಳಿಯುವುದು ಲೇಸು. ಹರಿಗೋಲಿನಿಂದ ದಂಡೆಗೆ ಹಾರಿ ಅಭ್ಯಾಸವಾದ ಅಪ್ಪ ಇಲ್ಲಿಯೂ ಹಾಗೆಯೇ ಹಾರಿ, ಪರಿಚಯವಿಲ್ಲದ ಒಬ್ಬ ತಮಿಳು ಗೃಹಸ್ಥರನ್ನು ಗಾಢವಾಗಿ ಆಲಿಂಗಿಸಬೇಕಾಯಿತು. ಕೊನೆಯದು ಅಪ್ಪನೇ ರೈಲಿನಲ್ಲಿ ವಿಧಿಸಿದ ಕಟ್ಟಳೆ.

"ಊರು ದೊಡ್ಡದು, ಕಳ್ಳರೂ ದೊಡ್ಡವರೇ ಇರ್ತಾರ. ಎಲ್ಲೇ ಹೋಗ್ಲಿ, ಒಬ್ಬರು ಗಂಟಿನ ಮ್ಯಾಲ ಕುಂತಿರಬೇಕು. ಏನೇ ಆದ್ರೂ ಏಳಬಾರದು."

ಗಂಟಿನ ಮೇಲೆ ಕೂರುವ ಆ ಉದ್ಯೋಗ ಎಲ್ಲ ಕಡೆಯೂ ಗೌರಮ್ಮನ ಪಾಲಿಗೇ ಬರುತ್ತಿತ್ತು. ಹೈಕೋರ್ಟಿನ ಕೆಂಪು ಗೋಪುರಗಳನ್ನು ಅವಳು ಗಂಟಿನ ಮೇಲಿಂದಲೇ ನೋಡಿದಳು.

ವಕೀಲರ ಕೆಲಸ ಮುಗಿದ ದಿನ ಸಂಜೆ ಸಮುದ್ರಕ್ಕೆ ಹೋದೆವು. ಅವ್ವ ಹಿಮ್ಮಡಿ ಎತ್ತಿ ನೀರಿನ ಆಚೆಗೆ ನೋಡಿದಳು. ಆಮೇಲೆ ಕೇಳಿದಳು: "ಆಕಡಿ ದಂಡಿ ಎಲ್ಲೈತಿ?"

"ಇರ್ತೈತಿ. ನಮ್ಮ ಕಣ್ಣಿಗೆ ನಿಲುಕವಲ್ದು" ಎಂದರು ಅಪ್ಪ, ಗೊತ್ತಿದ್ದವರ ಹಾಗೆ.

"ಇಷ್ಟು ನೀರು ಕಂಡು ಮುಳುಗದ ಹೋದ್ರ ಕಂಪ್ಲ್ಯಾಗ ಮಂದಿ ಏನಂದಾರು? ನಾ ಒಂದ್ ಮುಳುಗು ಹಾಕಿ ಬರ್ತೀನಿ."

"ಬ್ಯಾಡ್ರಿ ಅತ್ತಿ, ನೀರು ಭಾಳ ಸಿಟ್ಟಿನಾಗ ಐತಿ" ಎಂದಳು ಗೌರಮ್ಮ, ಗಂಟಿನ ಮೇಲೆ ಕುಳಿತಿದ್ದಲ್ಲಿಂದಲೇ.

ಅವ್ವ ನಕ್ಕಳು. "ನಿನಗ ಚೊಂಬಿನ ನೀರೂ ಸಿಟ್ಟಿನಾಗ ಕಾಣತೈತಿ ತಗೋ!" ನಾವೂ ನಕ್ಕೆವು. ನೀರಿನ ವಿಷಯದಲ್ಲಿ ಸಂಡೂರಿನವರ ಮಾತು ಕೇಳುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ.

ಮುಂದಿನದು ನಿಮಗೆ ಅರ್ಥವಾಗಬೇಕಾದರೆ ಅವ್ವ ನಿತ್ಯ ಸ್ನಾನ ಮಾಡುತ್ತಿದ್ದ ಕ್ರಮವನ್ನು ಹೇಳಬೇಕು. ಮೊದಲು ಸೂರ್ಯನಿಗೆ ಬೊಗಸೆ ನೀರು ಬಿಡುವುದು, ಆಮೇಲೆ ಮುಳುಗುವುದು. ನಮ್ಮೂರಲ್ಲಿ ತುಂಗಭದ್ರೆ ಮೂಡಣಕ್ಕೆ ಹರಿಯುತ್ತಾಳೆ. ಬೆಳಿಗ್ಗೆ ಸೂರ್ಯನಿಗೆ ಮುಖಮಾಡಿ ನಿಂತವರ ಬೆನ್ನಿಗೆ ಹೊಳೆಯ ಸೆಳವು ಹಿತವಾಗಿ ಒರಗುತ್ತದೆ. ಮುಖಕ್ಕೆ ಬಿಸಿಲು, ಬೆನ್ನಿಗೆ ನೀರು. ಅವ್ವನಿಗೆ ಚಿಕ್ಕಂದಿನಿಂದ ಸ್ನಾನವೆಂದರೆ ಅದು. ಆದರೆ ಆ ಹೊತ್ತು ಸಂಜೆ. ಸೂರ್ಯ ಊರಿನ ಕಡೆಗಿದ್ದ. ಅವ್ವ ತೊಡೆಮಟ್ಟದ ನೀರಿಗೆ ಇಳಿದು, ಸೂರ್ಯನನ್ನು ಹುಡುಕಿ, ನಮ್ಮ ಕಡೆಗೆ ತಿರುಗಿ, ಅಷ್ಟು ದೊಡ್ಡ ಸಮುದ್ರಕ್ಕೆ ಬೆನ್ನು ಕೊಟ್ಟು ನಿಂತಳು.

ಹೀಗಾಗಿ ನಾನು ಅವಳ ಮುಖವನ್ನು ಕಂಡೆ. ಕಣ್ಣು ಮುಚ್ಚಿತ್ತು. ತುಟಿ ಅಲುಗುತ್ತಿತ್ತು. ಬೊಗಸೆಯ ನೀರು ಬೆರಳ ಸಂದಿಯಿಂದ ಸೋರುತ್ತಿತ್ತು; ಇಳಿಬಿಸಿಲು ಹಣೆಯ ಕುಂಕುಮದ ಮೇಲೆ ನೇರವಾಗಿ ಬಿದ್ದು, ಆಕೆ ನಮ್ಮ ದೇವರ ಮನೆಯಲ್ಲಿ ನಿಂತಷ್ಟೇ ನಿಶ್ಚಿಂತಳಾಗಿ ಕಂಡಳು. ಅವಳ ತಲೆಯ ಹಿಂದೆ ನೀರು ಏಳುತ್ತಿದ್ದುದನ್ನೂ ನಾನು ಕಂಡೆ. ಅದು ಅಲೆಯೆಂದು ನನಗೆ ಹೊಳೆಯಲಿಲ್ಲ. ದೂರದ ಗೆರೆ ತಾನೇ ಎದ್ದು ನಿಂತು ಆಕಾಶವನ್ನು ಗಿಡ್ಡ ಮಾಡುತ್ತಿದೆಯೆಂದು ಅನ್ನಿಸಿತು. "ಅವ್ವಾ" ಎಂದು ಕೂಗಿದೆನೆಂದು ನನ್ನ ನೆನಪು. ಕೂಗಲಿಲ್ಲವೆಂದು ಬಸಣ್ಣನ ನೆನಪು. ನೀರು ಅವಳ ಹೆಗಲಿಗೆ ಬಂತು, ತಲೆಗೆ ಬಂತು, ಮುರಿದು ಬಿತ್ತು. ಆಮೇಲೆ ಅವ್ವ ನಿಂತಿದ್ದ ಜಾಗದಲ್ಲಿ ಬಿಳಿಯ ನೊರೆಯಷ್ಟೇ ಹರಡಿಕೊಂಡಿತ್ತು, ಹಾಲು ಉಕ್ಕಿ ಚೆಲ್ಲಿದ ಹಾಗೆ. ಅದರಲ್ಲಿ ಕೈ ಇರಲಿಲ್ಲ, ಸೆರಗು ಇರಲಿಲ್ಲ.

"ಕೆಳಗ ಓಡ್ರಲೇ!" ಎಂದು ಅಪ್ಪ ಅರಚಿದರು.

ಹೊಳೆಯ ಊರಿನವರಲ್ಲದವರಿಗೆ ಈ ಮಾತು ವಿಚಿತ್ರವಾಗಿ ಕೇಳಿಸೀತು. ನಮ್ಮಲ್ಲಿ ನಡೆಯಲು ಕಲಿತ ಮಗುವಿಗೂ ಇದನ್ನು ಹೇಳಿಕೊಟ್ಟಿರುತ್ತಾರೆ: ಯಾರಾದರೂ ಹೊಳೆಪಾಲಾದರೆ ಬಿದ್ದ ಜಾಗದಲ್ಲಿ ಹುಡುಕುತ್ತ ನಿಲ್ಲಬೇಡ, ಅಲ್ಲಿ ಅವರು ಇರುವುದಿಲ್ಲ; ದಂಡೆ ಹಿಡಿದು ಹರಿವಿನ ಮುಂದಕ್ಕೆ ಓಡು, ಅವರಿಗಿಂತ ಮುಂದಾಗು, ಅಲ್ಲಿ ನೀರಿಗೆ ಇಳಿ. ಹಂಪಿಯಲ್ಲಿ ಯಾತ್ರಿಕರು ತೇಲಿಬಿಟ್ಟ ತೆಂಗಿನಕಾಯಿಗಳನ್ನು ಕಂಪ್ಲಿಯಲ್ಲಿ ಹಿಡಿದು ಚಟ್ನಿ ಮಾಡಿ ತಿಂದವರು ನಾವು. ಮೇಲೆ ನೀರಿಗೆ ಬಿದ್ದದ್ದೆಲ್ಲ ಕೆಳಗೆ ಬಂದೇ ಬರುತ್ತದೆಂಬುದು ನಮಗೆ ಅನುಭವಸಿದ್ಧ. ಅಪ್ಪ ಹೀಗೆಯೇ ಓಡಿ ಇಬ್ಬರನ್ನು ಉಳಿಸಿದ್ದವರು. ಆದ್ದರಿಂದ ನಾವು ಮೂವರು ಗಂಡಸರು, ಒಬ್ಬರನ್ನೊಬ್ಬರು ಕೇಳದೆ, ಅವ್ವ ಮುಳುಗಿದ ಜಾಗವನ್ನು ಬಿಟ್ಟು ಓಡಿದೆವು.

ಎತ್ತ ಓಡಿದೆವು ಎಂಬುದು ನನಗೆ ಎಷ್ಟೋ ವರ್ಷದ ಮೇಲೆ ಸ್ಪಷ್ಟವಾಯಿತು. ಕಂಪ್ಲಿಯಲ್ಲಿ ಹೊಳೆಗೆ ಮುಖಮಾಡಿ ನಿಂತರೆ ನೀರು ನಿಮ್ಮ ಬಲಗಡೆಗೆ ಹರಿಯುತ್ತದೆ. ಅಪ್ಪ ಬಲಕ್ಕೆ ತಿರುಗಿದರು. ಬಂಗಾಳ ಕೊಲ್ಲಿಯೂ ಬಲಕ್ಕೇ ಹರಿಯುತ್ತಿರಬೇಕೆಂದು ಆ ಕ್ಷಣ ನಮ್ಮಲ್ಲಿ ಯಾರಿಗೂ ಸಂಶಯ ಬರಲಿಲ್ಲ. ದೂರದಲ್ಲಿ ಕಾಣುತ್ತಿದ್ದ ಕ್ರೈಸ್ತರ ಇಗರ್ಜಿಯ ಗೋಪುರದ ಕಡೆಗೆ, ಮರಳಿನಲ್ಲಿ ಕಾಲು ಹೂತುಕೊಳ್ಳುತ್ತ, ನೀರನ್ನೇ ನೋಡುತ್ತ ಓಡಿದೆವು. ಹಿಂದಿನಿಂದ ಯಾರೋ ತಮಿಳಿನಲ್ಲಿ ಕೂಗುತ್ತಿದ್ದರು. ಅಪ್ಪ ತಿರುಗದೆಯೇ ತೆಲುಗಿನಲ್ಲಿ ಏನೋ ಉತ್ತರ ಕೊಟ್ಟರು. ನನ್ನ ಚಪ್ಪಲಿ ಕೈಯಲ್ಲೇ ಇತ್ತು.

ದಮ್ಮು ಮುಗಿದಲ್ಲಿ ಅಪ್ಪ ನಿಂತರು. ನಡುಮಟ್ಟದ ನೀರಿಗೆ ಇಳಿದು ಕೈಚಾಚಿ ಕಾದರು. ಇಲ್ಲಿಗೆ ಬರಬೇಕು, ಈಗ ಬರಬೇಕು ಎನ್ನುವ ಲೆಕ್ಕಾಚಾರ ಅವರ ಮುಖದಲ್ಲಿ ಕಾಣುತ್ತಿತ್ತು. ಅವರ ಎದುರಿಗೆ ಒಂದು ತೆಂಗಿನ ಸಿಪ್ಪೆ ತೇಲುತ್ತಿತ್ತು. ಅದು ದಂಡೆಗೆ ಬಂತು, ಹಿಂದೆ ಹೋಯಿತು, ಮತ್ತೆ ದಂಡೆಗೆ ಬಂತು. ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಅಪ್ಪ ಅದನ್ನೇ ನೋಡುತ್ತಿದ್ದರು. ಹಾಗೆ ನೋಡುತ್ತಿದ್ದಂತೆಯೇ ಅವರ ಚಾಚಿದ ಕೈಗಳು ಮೆಲ್ಲಗೆ ಇಳಿದವು.

"ಇದು ಹರಿಯಂಗಿಲ್ಲಲೇ" ಎಂದರು. "ಬಸಣ್ಣಾ, ಇದು ಹರಿಯಂಗಿಲ್ಲ."

ಅಷ್ಟು ಭೀತಿ ತುಂಬಿದ ಮುಖವನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಹೊಳೆಯ ಬಗ್ಗೆ ಅವರಿಗೆ ಗೊತ್ತಿದ್ದದ್ದೆಲ್ಲ, ಇಬ್ಬರನ್ನು ಉಳಿಸಿದ್ದ ಆ ತಿಳಿವಳಿಕೆಯೆಲ್ಲ, ಒಂದು ಸಿಪ್ಪೆಯ ಎದುರಿಗೆ ಸುಳ್ಳಾಗಿತ್ತು. ಅದನ್ನು ನಂಬಿ ನಾವು ಅವ್ವನನ್ನು ಎಲ್ಲಿ ಬಿಟ್ಟು ಬರಬಾರದಿತ್ತೋ ಅಲ್ಲೇ ಬಿಟ್ಟು ಬಂದಿದ್ದೆವು. ಬಸಣ್ಣ ಅಪ್ಪನ ರಟ್ಟೆ ಹಿಡಿದು ಎಳೆದುಕೊಂಡೇ ಹಿಂದಕ್ಕೆ ಓಡಿದ. ಬರುವಾಗ ಇಷ್ಟು ದೂರ ಬಂದಿದ್ದೆವೆಂದು ಗೊತ್ತಾಗಿರಲಿಲ್ಲ.

ನಮ್ಮ ಗಂಟು ಇದ್ದಲ್ಲಿ ಜನ ಗುಂಪಾಗಿದ್ದರು. ಗಂಟಿನ ಮೇಲೆ ಯಾರೂ ಇರಲಿಲ್ಲ. ಕಾಗೆಗಳು ರೊಟ್ಟಿಯನ್ನು ಹೊರಗೆಳೆದಿದ್ದವು. ಜನರನ್ನು ಸರಿಸಿ ನೋಡಿದರೆ ಗೌರಮ್ಮ ಮರಳಿನ ಮೇಲೆ ಕಾಲುಚಾಚಿ ಕುಳಿತಿದ್ದಳು. ತಲೆಯಿಂದ ಕಾಲಿನವರೆಗೆ ತೊಯ್ದಿದ್ದಳು. ಬಳೆ ಒಡೆದು ಮುಂಗೈಯಿಂದ ರಕ್ತ ಸೋರುತ್ತಿತ್ತು. ಅವಳ ತೊಡೆಯ ಮೇಲೆ ಅವ್ವ ಮಗ್ಗುಲಾಗಿ ಮಲಗಿ ಉಪ್ಪು ನೀರು ಕಾರುತ್ತಿದ್ದಳು. ಅವ್ವನ ಜಡೆ ಇನ್ನೂ ಗೌರಮ್ಮನ ಮುಷ್ಟಿಯಲ್ಲೇ ಇತ್ತು. ಬಿಡಿಸಲು ಹೋದ ಒಬ್ಬ ಹೆಂಗಸಿಗೆ ಆ ಬೆರಳುಗಳನ್ನು ಬಿಡಿಸಲು ಆಗಿರಲಿಲ್ಲ.

ಸೆಳೆದುಕೊಂಡ ನೀರು ಅವ್ವನನ್ನು ಹೆಚ್ಚು ದೂರ ಒಯ್ಯದೆ ಅಲ್ಲೇ ಆಡಿಸುತ್ತಿತ್ತಂತೆ. ಹೊಳೆಯ ಬುದ್ಧಿ ಇಲ್ಲದ ಗೌರಮ್ಮ, ಅತ್ತೆ ಎಲ್ಲಿ ಮುಳುಗಿದಳೋ ಅಲ್ಲಿಗೇ ನೆಟ್ಟಗೆ ಹೋಗಿ, ಸಿಕ್ಕಿದ್ದನ್ನು ಹಿಡಿದುಕೊಂಡಿದ್ದಳು. ಮುಂದಿನ ಅಲೆ ಇಬ್ಬರನ್ನೂ ಒಟ್ಟಿಗೆ ದಂಡೆಗೆ ಎಸೆದಿತ್ತು. ಇದನ್ನು ಅಲ್ಲಿದ್ದ ತೆಲುಗರೊಬ್ಬರು ನಮಗೆ ಹೇಳಿದರು.

ನಾವು ಬರುವ ಮೊದಲು ಅತ್ತೆ ಸೊಸೆಯರ ನಡುವೆ ನಡೆದ ಮಾತನ್ನು ಅವ್ವ ಆಮೇಲೆ ಬಹಳ ಸಲ ಹೇಳಿ ನಕ್ಕಿದ್ದಾಳೆ. ಉಸಿರು ಬಂದ ಕೂಡಲೇ ಅವಳು ಕೇಳಿದ್ದು, "ಇವರೆಲ್ಲ ಎಲ್ಲಿ ಹೋದ್ರು?"

"ಓಡಿ ಹೋದ್ರು ರೀ ಅತ್ತಿ."

"ಯಾಕ?"

"ನಿಮ್ಮನ್ನ ಹುಡುಕಾಕ."

ಅವ್ವ ಮತ್ತಷ್ಟು ಉಪ್ಪು ನೀರು ಕಾರಿ, "ಜಡಿ ಬಿಡವ್ವ, ನೋಯ್ತೈತಿ" ಎಂದಳಂತೆ. ಗೌರಮ್ಮ ಬಿಡಲಿಲ್ಲವಂತೆ.

ಕಂಪ್ಲಿಗೆ ಮರಳಿದ ಮೇಲೆ ಕಟ್ಟೆಯಲ್ಲಿ ಕುಳಿತವರು ಅಪ್ಪನನ್ನು, "ಸಮುದ್ರ ಹೆಂಗೈತ್ರಿ ಗೌಡ್ರ?" ಎಂದು ಕೇಳಿದರು. "ಉಪ್ಪೈತಿ" ಎಂದರು ಅಪ್ಪ. ಅದಕ್ಕಿಂತ ಹೆಚ್ಚು ಅವರು ಯಾವತ್ತೂ ಹೇಳಲಿಲ್ಲ. ಅವ್ವ ಮಾತ್ರ ಮಾರನೆಯ ಬೆಳಿಗ್ಗೆ ಹೊಳೆಗೆ ಹೋದಾಗ ಕೊನೆಯ ಮೆಟ್ಟಿಲ ಮೇಲೆ ಸೊಸೆಯ ಪಕ್ಕದಲ್ಲಿ ಕುಳಿತು, "ತಾ ಇಲ್ಲಿ ಚೊಂಬು" ಎಂದಳು.

ಈಗ ಅದನ್ನು ಕಂಡವರಲ್ಲಿ ಯಾರು ಯಾರು ಉಳಿದಿದ್ದಾರೆಂದು ಹೇಳಿ ಮುಗಿಸುತ್ತೇನೆ. ಅಪ್ಪ ತೀರಿಕೊಂಡರು. ಅವ್ವ ಹೋದ ವರ್ಷ ತನ್ನ ಹಾಸಿಗೆಯಲ್ಲೇ, ನಿದ್ದೆಯಲ್ಲಿ ಹೋದಳು. ಬಸಣ್ಣ ಕಂಪ್ಲಿಯಲ್ಲಿದ್ದಾನೆ, ನಾನು ಹೊಸಪೇಟೆಯಲ್ಲಿದ್ದೇನೆ. ಆದರೆ ಅವ್ವ ಬದುಕಿದ ಆ ಗಳಿಗೆಯಲ್ಲಿ ಅಣ್ಣತಮ್ಮಂದಿರಿಬ್ಬರೂ ಅತ್ತ ಬೆನ್ನು ಮಾಡಿ ಓಡುತ್ತಿದ್ದವರು. ನಮ್ಮ ಸಾಕ್ಷಿ ಅರ್ಧದ್ದು. ಉಳಿದ ಅರ್ಧಕ್ಕೆ ಸಾಕ್ಷಿ ಗೌರಮ್ಮ ಒಬ್ಬಳೇ. ಇಷ್ಟನ್ನೂ ಬರೆದು ಅವಳಿಗೆ ಓದಿ ಹೇಳಿ, ನೀರಿನೊಳಗೆ ನೀನು ಕಂಡದ್ದೇನು, ಅದನ್ನೂ ಸೇರಿಸುತ್ತೇನೆ ಎಂದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಮೊರದಿಂದ ತಲೆಯೆತ್ತಲಿಲ್ಲ.

"ನಾ ಏನೂ ನೋಡಿಲ್ರಿ" ಎಂದಳು. "ಅಂಜಿಕಿ ಭಾಳ ಇತ್ತು. ಕಣ್ಣು ಮುಚ್ಚಿಕೊಂಡ ಹೋಗಿದ್ದೆ."