ಕಂಡಕ್ಟರ್ ಚಾಚಾ ಕೊಟ್ಟ ಸೀಟು

ಚಾಚಾ ಅವರ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿಯಿತ್ತು. ಬೇರೆ ಕಂಡಕ್ಟರುಗಳು ಕುತ್ತಿಗೆಗೆ ಸೀಟಿ ತೂಗುಹಾಕಿಕೊಂಡರೆ ಇವರು ಆ ಸಂದಿಯಿಂದಲೇ ಸೀಟಿ ಹೊಡೆದು ಬಸ್ಸು ನಿಲ್ಲಿಸುತ್ತಿದ್ದರು, ಹೊರಡಿಸುತ್ತಿದ್ದರು. ಮೆಹಂದಿ ಹಚ್ಚಿ ಕೆಂಪಾದ ಗಡ್ಡ, ತೋಳು ಮಡಚಿದ ಖಾಕಿ ಅಂಗಿ. ಶಿವಮೊಗ್ಗ–ಭದ್ರಾವತಿ ಪ್ರೈವೇಟ್ ಬಸ್ಸಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಅವರಿಗಿಂತ ವಯಸ್ಸಾದ ಅಜ್ಜಿಯರಿಗೂ ಅವರು ಕಂಡಕ್ಟರ್ ಚಾಚಾನೇ.

ಊರಿಗೆ ಹೊಸಬರು ಯಾರಾದರೂ ಹತ್ತಿದರೆ ಚಾಚಾ ದಾರಿ ಹೇಳುತ್ತಿರಲಿಲ್ಲ. ಹೇಳಿದ ದಾರಿ ಇಳಿಯುವ ಹೊತ್ತಿಗೆ ಮರೆತಿರುತ್ತದೆ ಎನ್ನುವುದು ಅವರ ಅನುಭವ. ಬದಲಿಗೆ ಅದೇ ಕಡೆ ಹೋಗುವವರ ಪಕ್ಕ ತಂದು ಕೂರಿಸುತ್ತಿದ್ದರು. ಕಾಗದನಗರದ ಮಗಳ ಮನೆಗೆ ಹೊರಟ ಅಮ್ಮನನ್ನು ಕಾಗದನಗರದ ಟೀಚರ್ ಪಕ್ಕ, ಓಲ್ಡ್ ಟೌನಿನಲ್ಲಿ ಇಳಿಯಬೇಕಾದ ವ್ಯಾಪಾರಿಯನ್ನು ಅಲ್ಲಿಯ ಅಂಗಡಿಯವರ ಪಕ್ಕ. ಇದಕ್ಕಾಗಿ ಕೂತವರನ್ನು ಎಬ್ಬಿಸಲೂ ಹಿಂದೆಮುಂದೆ ನೋಡುತ್ತಿರಲಿಲ್ಲ. ಕಿಟಕಿ ಸೀಟು ಕಳೆದುಕೊಂಡವರು ಗೊಣಗಿದರೆ ಚಾಚಾಗೆ ಆಗ ಕಿವಿಯೇ ಕೇಳಿಸುತ್ತಿರಲಿಲ್ಲ.

ರೈಲಿನ ಬಗ್ಗೆ ಅವರಿಗೆ ಗೌರವವಿತ್ತು, ಪ್ರೀತಿ ಇರಲಿಲ್ಲ. ಅದು ಸ್ಟೇಷನ್ನಿನಲ್ಲಿ ಇಳಿಸಿ ಕೈತೊಳೆದುಕೊಳ್ಳುತ್ತದಂತೆ. ಆಟೋ ಮನೆ ಬಾಗಿಲಿಗೇ ಬಿಡುತ್ತದೆ ನಿಜ, ಆದರೆ ಆಟೋದಲ್ಲಿ ಬಂದವನಿಗೆ ಊರಲ್ಲಿ ಪರಿಚಯವಾಗುವುದು ಆಟೋದವನೊಬ್ಬನೇ. ಸೋಗಾನೆಯಲ್ಲಿ ವಿಮಾನ ಇಳಿಯತೊಡಗಿದಾಗ ನಾವೆಲ್ಲ ಛೇಡಿಸಿದೆವು. ವಿಮಾನದವರೂ ಭದ್ರಾವತಿಗೆ ರಸ್ತೆ ಮೇಲೇ ಬರಬೇಕಲ್ಲ ಎಂದು ನಕ್ಕುಬಿಟ್ಟರು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ ಆದಾಗ ಮಾತ್ರ ಕೆಲವು ದಿನ ಸಪ್ಪಗಿದ್ದರು. ಅಜ್ಜಿಯರೆಲ್ಲ ಆ ಕಡೆ ಹೋದರೆ ಹೊಸಬರನ್ನು ವಿಚಾರಿಸುವವರು ಯಾರು ಎನ್ನುವುದು ಅವರ ಚಿಂತೆ.

ನಾನು ಆ ಬಸ್ಸನ್ನು ಮೊದಲು ಹತ್ತಿದ್ದು ಹೆಣ್ಣು ನೋಡಲು. ನನ್ನ ಮಾತು ತೊದಲುತ್ತದೆ. ರಿಪೇರಿ ಅಂಗಡಿಯಲ್ಲಿ ಮಿಕ್ಸಿ ಬಿಚ್ಚುತ್ತಾ ಗಿರಾಕಿಗಳ ಜೊತೆ ಹರಟುವಾಗ ಅಷ್ಟಿಲ್ಲ. ನಾಲ್ಕು ಜನ ಎದುರು ಕೂತು "ಏನು ಕೆಲಸ?" ಎಂದು ಕೇಳಿದರೆ ಮಾತ್ರ ನಾಲಿಗೆ ಕಟ್ಟುತ್ತದೆ. ಅದಾಗಲೇ ಎರಡು ಮನೆಗಳಲ್ಲಿ ಕಟ್ಟಿತ್ತು, ಎರಡೂ ಕಡೆಯಿಂದ ಆಮೇಲೆ ಫೋನ್ ಬರಲಿಲ್ಲ. ಈ ಸಲವೂ ಹಾಗಾದರೆ ಇನ್ನು ಯಾರ ಮನೆ ಉಪ್ಪಿಟ್ಟನ್ನೂ ತಿನ್ನುವುದಿಲ್ಲ ಎಂದು ಅಕ್ಕನಿಗೆ ಹೇಳಿದ್ದೆ. ಅಕ್ಕ, ಭಾವ ಚಿತ್ರದುರ್ಗದಿಂದ ನೇರ ಭದ್ರಾವತಿಗೆ ಬರುವವರಿದ್ದರು. ನಾನು ಸಾಗರದಿಂದ ಶಿವಮೊಗ್ಗಕ್ಕೆ ಬಂದು ಬಸ್ಸು ಬದಲಿಸಿದೆ.

ಎಲ್ಲಿಗೆಂದು ಚಾಚಾ ಕೇಳಿದರು. ನ್ಯೂ ಟೌನ್ ಎನ್ನಲು ಹೋದೆ, ಬರಲಿಲ್ಲ. ಸಾಮಾನ್ಯವಾಗಿ ಕಂಡಕ್ಟರುಗಳು ತಾವೇ ಒಂದು ಊರಿನ ಹೆಸರು ಹೇಳಿ ಟಿಕೆಟ್ ಹರಿದುಬಿಡುತ್ತಾರೆ. ಹಾಗಾಗಿ ಬೇಡದ ಊರುಗಳಲ್ಲಿ ನಾನು ಇಳಿದದ್ದುಂಟು. ಚಾಚಾ ಕಂಬ ಹಿಡಿದು ಸುಮ್ಮನೆ ನಿಂತರು. ಮಾತು ಹೊರಬಿದ್ದ ಮೇಲೆ ಮುಂದಿನ ಸೀಟಿಗೆ ಕರೆದೊಯ್ದರು. ಅಲ್ಲಿದ್ದ ಹಿರಿಯರೊಬ್ಬರು ಪಕ್ಕದಲ್ಲಿಟ್ಟಿದ್ದ ಸ್ವೀಟ್ ಡಬ್ಬ ತೊಡೆಗೇರಿಸಿ ಜಾಗ ಕೊಟ್ಟರು.

"ಇವ್ರೂ ನ್ಯೂ ಟೌನೇ. ಮಾತಾಡ್ಕೊಂಡು ಹೋಗಿ ಮಾರಾಯ್ರೆ," ಎಂದು ಚಾಚಾ ಹಿಂದಕ್ಕೆ ಹೋದರು.

ತುಂಗೆ ದಾಟುವಷ್ಟರಲ್ಲಿ ಆ ಹಿರಿಯರು ನನ್ನ ಕೆಲಸ ವಿಚಾರಿಸಿಯಾಗಿತ್ತು. ನಿದಿಗೆ ಬರುವಷ್ಟರಲ್ಲಿ ಮಿಕ್ಸಿಯೊಳಗೆ ಚಮಚ ಬಿಟ್ಟೇ ಚಟ್ನಿ ರುಬ್ಬಿದ ಗಿರಾಕಿಯ ಕಥೆ ಹೇಳಿ ಅವರನ್ನು ನಗಿಸಿದ್ದೆ. ಮಾಚೇನಹಳ್ಳಿ ಹತ್ತಿರ, ಎಲ್ಲಿಗೆ ಹೊರಟಿದ್ದೇನೆ ಎಂಬುದನ್ನೂ ಹೇಳಿದೆ. ನನ್ನ ತೊದಲಿನ ವಿಷಯ ಅಕ್ಕ ಆ ಮನೆಯವರಿಗೆ ತಿಳಿಸಿದ್ದಾಳೋ ಇಲ್ಲವೋ ಗೊತ್ತಿಲ್ಲ, ತಿಳಿಸದೆ ಆಗುವ ಮದುವೆ ನನಗೆ ಬೇಡ ಎಂದೆ. ಹೆದರಿಕೆ ಆಗ್ತಿದೆಯಾ ಎಂದು ಅವರು ಕೇಳಿದರು. ತುಂಬಾ ಎಂದೆ. ಇಳಿದ ಮೇಲೆ ಬೀದಿ ತೋರಿಸಿ, ತಮಗಿನ್ನೇನೋ ಕೆಲಸವಿದೆ ಎಂದು ಬೇರೆ ಕಡೆ ನಡೆದರು.

ಆ ಮನೆಯಲ್ಲಿ ಅಂದುಕೊಂಡಂತೆಯೇ ಆಯಿತು. ಹುಡುಗಿಯ ಸೋದರಮಾವ ಸಂಬಳದ ವಿಷಯ ಎತ್ತಿದರು. ನಾನು ಬಾಯಿ ತೆರೆದವನು ತೆರೆದಂತೆಯೇ ಕೂತೆ. ಅಕ್ಕ ನನ್ನ ಪರವಾಗಿ ಉತ್ತರಿಸತೊಡಗಿದಳು. ಅವಳ ಮುಖ ನೋಡಲು ನನಗೆ ಸಂಕಟವಾಯಿತು. ಅಷ್ಟರಲ್ಲಿ ಅದೇ ಸ್ವೀಟ್ ಡಬ್ಬ ಹಿಡಿದು ಬಸ್ಸಿನ ಹಿರಿಯರು ಒಳಗೆ ಬಂದರು. ಅವರೇ ಹುಡುಗಿಯ ಅಪ್ಪ. ನನಗೆ ಉಳಿದಿದ್ದ ಅಷ್ಟಿಷ್ಟು ಧೈರ್ಯವೂ ಬಾಗಿಲು ದಾಟಿ ಹೋಯಿತು.

ಅವರು ಕಾಲು ತೊಳೆದು ಬಂದು ಕೂತರು. "ಅವರನ್ನ ಕೇಳಿದ್ದು ಸಾಕು. ನಾನು ಶಿವಮೊಗ್ಗದಿಂದ ಅವರ ಮಾತು ಕೇಳ್ಕೊಂಡೇ ಬಂದಿದೀನಿ. ಇನ್ನು ಕೇಳೋದಿದ್ರೆ ನನ್ ಮಗಳು ಕೇಳ್ಲಿ," ಎಂದರು.

ಮಗಳು ಏನೂ ಕೇಳಲಿಲ್ಲ. ಒಳಗಿನಿಂದ ಕೆಟ್ಟುಹೋದ ಮಿಕ್ಸಿ ತಂದು, ಹಿತ್ತಿಲ ಕಟ್ಟೆಯ ಮೇಲೆ ನನ್ನ ಮುಂದಿಟ್ಟಳು. ಅದನ್ನು ಬಿಚ್ಚಿ ಜೋಡಿಸುವವರೆಗೂ ನಾನು ಮಾತಾಡಿದೆ, ಅವಳೂ ಮಾತಾಡಿದಳು. ಆ ಮಿಕ್ಸಿ ನಿಜಕ್ಕೂ ಕೆಟ್ಟಿತ್ತೇ ಎಂದು ಇವತ್ತಿಗೂ ಕೇಳುತ್ತಿರುತ್ತೇನೆ. ಅವಳು ಬಾಯಿ ಬಿಡುವುದಿಲ್ಲ.

ಮದುವೆಯಾಗಿ ಶಿವಮೊಗ್ಗದಲ್ಲಿ ಅಂಗಡಿ ಇಟ್ಟ ಮೇಲೆ ಒಮ್ಮೆ ಚಾಚಾ ಅವರನ್ನೇ ಕೇಳಿದೆ, ಅವತ್ತಿನ ಸೀಟು ಆಕಸ್ಮಿಕವೇ ಎಂದು. ಮಾವ ಅವತ್ತು ಬೆಳಿಗ್ಗೆ ಸ್ವೀಟ್ ತರಲು ಇದೇ ಬಸ್ಸಿನಲ್ಲಿ ಬಂದು, ಹುಡುಗ ಬರುತ್ತಿದ್ದಾನೆಂದು ಫೋಟೋ ತೋರಿಸಿದ್ದರಂತೆ. ಚಾಚಾ ನನ್ನನ್ನು ಗುರುತು ಹಿಡಿದದ್ದು ನನ್ನ ಕಿವಿಗಳಿಂದ. ಅವು ಅಷ್ಟೇನೂ ದೊಡ್ಡವಲ್ಲ. ಜಾಗ ಹಿಡಿದಿಟ್ಟುಕೊಂಡು ಸುಮ್ಮನಿರಿ ಎಂದು ಮಾವನಿಗೆ ಹೇಳಿದ್ದೂ ಅವರೇ.

"ಉಪ್ಪಿಟ್ಟು ಮುಂದೆ ಇಟ್ಕೊಂಡು ಯಾರು ನಿಜ ಮಾತಾಡ್ತಾರೆ ಬೇಟಾ? ಬಸ್ಸಲ್ಲಿ ಮಾತಾಡ್ತಾರೆ. ಹೆಂಗೂ ಇಳಿದು ಹೋಗೋರಲ್ವಾ ಅಂತ."

ಮಂಡಿ ಸೋತ ಮೇಲೆ ಚಾಚಾ ಬಸ್ಸು ಬಿಟ್ಟರು. ಹೋದ ವರ್ಷ ತೀರಿಕೊಂಡರು. ಸುದ್ದಿ ಕೇಳಿ ನಾನೂ ಹೆಂಡತಿಯೂ ಓಲ್ಡ್ ಟೌನಿನ ಅವರ ಮನೆಗೆ ಹೋದೆವು. ಚಪ್ಪಲಿ ಬಿಡಲು ಜಾಗವಿಲ್ಲದಷ್ಟು ಜನ. ಹೊರ ಊರಿನಲ್ಲಿರುವ ಅವರ ಮಗ ಕೈ ಹಿಡಿದು ಕೂರಿಸಿ, ತನ್ನ ಅಪ್ಪ ನನಗೆ ಏನಾಗಬೇಕು ಎಂದು ಕೇಳಿದ. ಎಲ್ಲರೂ ನನ್ನ ಕಡೆ ನೋಡಿದರು, ನಾಲಿಗೆ ಕಟ್ಟಿತು. ಹೆಂಡತಿ ಬಾಯಿ ಹಾಕಲಿಲ್ಲ, ಮಗನೂ ಕೈ ಬಿಡಲಿಲ್ಲ. ತಡವಾಗಿಯಾದರೂ ಹೇಳಿದೆ.

"ನನ್ನನ್ನ ಮನೆ ಮುಟ್ಟಿಸಿದವರು."