ಓಡಿದರೆ ಹಸಿವಾಗುತ್ತದೆ

ಬೆಳಿಗ್ಗೆ ಮಗಳು ಸುಮಾ ಕುಕ್ಕರಿನಲ್ಲಿ ಗೆಣಸು ಇಟ್ಟಿದ್ದಳು. ಎರಡನೇ ಸೀಟಿಗೆ ಅದರ ವಾಸನೆ ನಾನು ಕೂತಲ್ಲಿಗೆ ಬಂತು. ನನಗೆ ಗೆಣಸಿನ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಆದರೆ ಗೆಣಸು ಕಂಡು ಮುಖ ತಿರುಗಿಸಿದ ಒಬ್ಬಳ ನೆನಪಾಯಿತು. ಚೀನಾದವಳು. ನಾವು ಅರಬರ ದೇಶದಲ್ಲಿ, ಡಿಸ್ಕವರಿ ಗಾರ್ಡನ್ಸ್ ಎಂಬ ಬಡಾವಣೆಯಲ್ಲಿ ಇದ್ದಾಗ ಎದುರು ಬಾಗಿಲಿನ ಮನೆಯವಳು. ಹದಿನೈದು ವರ್ಷದ ಮೇಲಾಯಿತು.

ಹೆಸರು ಕೇಳಿ ತೋಟ ಎಂದುಕೊಳ್ಳಬೇಡಿ. ಒಂದೇ ಅಚ್ಚಿನಲ್ಲಿ ತೆಗೆದ ಕಟ್ಟಡಗಳು, ನಡುವೆ ಪೈಪಿನ ನೀರಿನಲ್ಲಿ ಬದುಕುವ ಹುಲ್ಲು. ಮೊದಲ ತಿಂಗಳಲ್ಲಿ ನಾನು ಎರಡು ಸಲ ಬೇರೆಯವರ ಮನೆಯ ಬೆಲ್ ಒತ್ತಿದ್ದೇನೆ. ಒಮ್ಮೆ ಒಳಗೆ ಹೋಗಿ ಚಪ್ಪಲಿಯನ್ನೂ ಬಿಟ್ಟಿದ್ದೆ. ಓದಲು ಬಾರದವಳಿಗೆ ಕಟ್ಟಡದ ನಂಬರು ಇದ್ದರೂ ಒಂದೇ, ಬಿಟ್ಟರೂ ಒಂದೇ.

ಆ ಚೀನಾದವಳ ಮಗನಿಗೆ ಚಿಲಕ, ಬೀಗಗಳ ವ್ಯಾಪಾರ. ಮೊಮ್ಮಗಳು ಮೇಯ್, ನನ್ನ ಮೊಮ್ಮಗಳು ಶ್ರಾವ್ಯಳ ಕ್ಲಾಸಿನವಳು, ಹನ್ನೆರಡು ವರ್ಷ. ಆ ಹುಡುಗಿ ಅಜ್ಜಿಯನ್ನು 'ನಾಯ್ನಾಯ್' ಎಂದು ಕೂಗುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಹಿರಿಯಳನ್ನು ನಾಯಿ ನಾಯಿ ಎನ್ನುತ್ತದಲ್ಲ ಈ ಪೋರಿ! ಶ್ರಾವ್ಯ ಹೊಟ್ಟೆ ಹಿಡಿದು ನಕ್ಕಳು. "ಅಜ್ಜಿ, ಅವರ ಭಾಷೇಲಿ ಅದು ಅಜ್ಜಿ ಅಂತ. ಡೋಂಟ್ ಫೈಟ್ ಪ್ಲೀಸ್." ಅಂದಿನಿಂದ ನಾನೂ ನಾಯ್ನಾಯ್ ಎಂದೇ ಕರೆದೆ.

ಆಕೆ ಬಾಗಿಲು ತೆರೆದಾಗಲೆಲ್ಲ ನನ್ನನ್ನು ಒಂದೇ ಮಾತು ಕೇಳುತ್ತಿದ್ದಳು. ಶ್ರಾವ್ಯ ಅದರ ಅರ್ಥ ತಿಳಿದುಕೊಂಡು ಬಂದಳು: ಊಟ ಆಯ್ತಾ? ನಾವು ಕೇಳುವುದೂ ಅದನ್ನೇ ಅಲ್ಲವೇ? ಕೇಳುವವರಿಗೆ ಉತ್ತರ ಬೇಕಿಲ್ಲ. ಉಣ್ಣದಿದ್ದರೂ ಆಯ್ತು ಎನ್ನಬೇಕು. ನಾನು ತಲೆ ಆಡಿಸುತ್ತಿದ್ದೆ. ಆಕೆಯೂ ಆಡಿಸುತ್ತಿದ್ದಳು. ಹಾಗೆ ಒಂದು ವರ್ಷ ನಡೆಯಿತು.

ಮೇಯ್ ಓಡುವ ಹುಡುಗಿ. ಸಂಜೆ ಬಿಸಿಲು ಇಳಿದ ಮೇಲೆ ಕಟ್ಟಡಗಳ ನಡುವಿನ ಹುಲ್ಲಿನ ಮೇಲೆ ಈ ಕೊನೆಯಿಂದ ಆ ಕೊನೆಗೆ ಓಡುತ್ತಿತ್ತು. ನಾಯ್ನಾಯ್ ಬಾಲ್ಕನಿಯಿಂದ ಕಿರುಚುತ್ತಿದ್ದಳು. ಓದು ಹಾಳಾಗುತ್ತದೆ ಎಂದು ಬೈಯುತ್ತಾಳೆ ಎಂದುಕೊಂಡೆ. ಮೇಯ್‌ನ ಅಪ್ಪ ಅಮ್ಮನೂ ಹಾಗೇ ಹೇಳುವವರು. ಅವರ ಕಡೆ ಆಟದಲ್ಲಿ ಮುಂದಿರುವ ಮಕ್ಕಳನ್ನು ಪುಸ್ತಕದಲ್ಲಿ ಹಿಂದೆ ಎಂದೇ ತಿಳಿಯುತ್ತಾರಂತೆ. ನಮ್ಮ ಕಡೆ ಬೇರೆಯೇ? ಆಟದ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಕಸಿದುಕೊಂಡರೆ ಯಾವ ತಾಯಿ ಜಗಳಕ್ಕೆ ಹೋಗಿದ್ದಾಳೆ?

ಆಮೇಲೆ ಶಾಲೆಗಳ ನಡುವಿನ ಓಟಕ್ಕೆ ಮೇಯ್ ಆಯ್ಕೆಯಾಯಿತು. ಓಟ ಗುರುವಾರ. ಮಂಗಳವಾರ ಶ್ರಾವ್ಯ ಅಳುತ್ತ ಬಂದಳು. ನಾಯ್ನಾಯ್ ಶೂಗಳನ್ನು ಅಕ್ಕಿ ಡಬ್ಬಿಯೊಳಗೆ ಹಾಕಿ ಮುಚ್ಚಳದ ಮೇಲೆ ಕೂತಿದ್ದಾಳಂತೆ.

"ಕೂತ್ಕೊಳ್ಳಲಿ. ಹೆಣ್ಣುಮಗು ಓಡಿ ಎಂತ ಆಗ್ಲಿಕ್ಕುಂಟು?" ಎಂದೆ.

"ನೀವೂ ಸೇಮ್ ಅಜ್ಜಿ," ಎಂದಳು ಶ್ರಾವ್ಯ. ಅಡುಗೆಮನೆಯಲ್ಲಿದ್ದ ಸುಮಾ ತಟ್ಟೆಗಳನ್ನು ಸ್ವಲ್ಪ ಜೋರಾಗಿ ಇಟ್ಟಳು.

ಸುಮಾ ಆರನೇ ಕ್ಲಾಸಿನಲ್ಲಿದ್ದಾಗ ಅವಳನ್ನೂ ತಾಲೂಕಿನ ಆಟಕ್ಕೆ ಆರಿಸಿದ್ದರು. ಡ್ರಿಲ್ ಮಾಸ್ಟ್ರು ಮನೆಗೇ ಬಂದು ಕೇಳಿದ್ದರು. ಮಳೆಗಾಲ ಇನ್ನೂ ಮುಗಿದಿರಲಿಲ್ಲ, ಒಂದು ಹೊತ್ತು ಗಂಜಿ, ಒಂದು ಹೊತ್ತು ಅದರ ತಿಳಿ. ನಾನು ಕಳಿಸಲಿಲ್ಲ. "ಓಡಿದ್ರೆ ಹಸಿವಾಗ್ತದೆ, ಕೂತ್ಕೋ" ಎಂದಿದ್ದೆ. ಅವಳು ಕೂತಳು. ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಬುಧವಾರ ಏಕಾದಶಿ. ನಾನು ಅನ್ನ ಮುಟ್ಟುವವಳಲ್ಲ, ಗೆಣಸು ಬೇಯಿಸಿಕೊಂಡಿದ್ದೆ. ಶ್ರಾವ್ಯ ಶಾಲೆಯಿಂದ ಬಂದವಳು ನನ್ನ ಸೆರಗು ಬಿಡಲಿಲ್ಲ. "ನಿಮ್ಮ ಮಾತು ಅವರು ಕೇಳ್ತಾರೆ ಅಜ್ಜಿ, ಬನ್ನಿ." ಬರಿಗೈಯಲ್ಲಿ ಹೇಗೆ ಹೋಗುವುದೆಂದು ನಾಲ್ಕು ಗೆಣಸು ತಟ್ಟೆಗೆ ಹಾಕಿಕೊಂಡು ಹೋದೆ.

ನಾಯ್ನಾಯ್ ತಟ್ಟೆ ನೋಡಿದಳು. ಮುಖ ಆ ಕಡೆ ಮಾಡಿದಳು. ಎರಡು ಬೆರಳಿನಿಂದ ತಟ್ಟೆಯನ್ನು ಮೇಜಿನ ಅಂಚಿಗೆ ತಳ್ಳಿದಳು. ನನಗೆ ಅವಮಾನವಾಯಿತು. ಆಮೇಲೆ ಮಾತಾಡತೊಡಗಿದಳು. ಆಕೆಯ ಮಾತನ್ನು ಮೇಯ್ ಇಂಗ್ಲಿಷಿಗೆ ಮಾಡಬೇಕು, ಅದನ್ನು ಶ್ರಾವ್ಯ ನನಗೆ ಹೇಳಬೇಕು. ಹಾಗೆ ಮೂರು ಬಾಯಿ ದಾಟಿ ಬಂದದ್ದಿಷ್ಟು.

ಆಕೆಗೆ ಮೇಯ್‌ನಷ್ಟೇ ವಯಸ್ಸಾಗಿದ್ದಾಗ ಅವರ ಸೀಮೆಗೆ ಬರ ಬಂತು. ಮೊದಲು ಅಕ್ಕಿ ಮುಗಿಯಿತು, ಆಮೇಲೆ ಗೆಣಸು, ಆಮೇಲೆ ಗೆಣಸಿನ ಬಳ್ಳಿ, ಎಲೆ. ಶಾಲೆಯಲ್ಲಿ ಡ್ರಿಲ್ಲು, ಆಟ ಎಲ್ಲ ನಿಲ್ಲಿಸಿದರು. ಮೇಷ್ಟ್ರೇ ಮಕ್ಕಳಿಗೆ ಹೇಳಿದರಂತೆ: ಗೋಡೆಗೆ ಒರಗಿ ಬಿಸಿಲಲ್ಲಿ ಕೂತಿರಿ, ಅಲ್ಲಾಡಬೇಡಿ.

"ಅವರಿಗೊಬ್ಬ ಅಣ್ಣ ಇದ್ದ ಅಂತೆ ಅಜ್ಜಿ," ಎಂದಳು ಶ್ರಾವ್ಯ. "ಸ್ಕೂಲಿಗೇ ಫಾಸ್ಟ್ ಅಂತೆ. ಕೂತ್ಕೊಳ್ಳೋಕೆ ಆಗ್ತಿರ್ಲಿಲ್ಲ ಅಂತೆ. ಮನೆಯಿಂದ ಹೊಳೆವರೆಗೆ ದಿನಾ ಓಡ್ತಿದ್ದ."

ನಾಯ್ನಾಯ್ ಮುಂದೆ ಹೇಳಿದಳು. ಮೇಯ್ ಅದನ್ನು ತಿರುಗಿಸಿ ಹೇಳಲಿಲ್ಲ. ಅಜ್ಜಿಯ ಮುಖವನ್ನೇ ನೋಡುತ್ತ ನಿಂತಿತು. ಆ ಹುಡುಗಿಗೂ ಇದು ಹೊಸತು. ಶ್ರಾವ್ಯ ಮೆಲ್ಲಗೆ ಕೇಳಿದ ಮೇಲೆ ಎರಡೇ ಮಾತು ಹೇಳಿತು. ಶ್ರಾವ್ಯ ಅದನ್ನು ನನಗೆ ಹೇಳುವ ಅಗತ್ಯ ಬೀಳಲಿಲ್ಲ.

ಅಷ್ಟು ಹೇಳಿ ಮುಗಿಸಿ ಆಕೆ ಕಣ್ಣೊರೆಸಿಕೊಳ್ಳಲೂ ಇಲ್ಲ. ಅಭ್ಯಾಸಬಲದಿಂದ ನನ್ನನ್ನು ಕೇಳಿದಳು, ಊಟ ಆಯ್ತಾ? ನಾನು ಆಯ್ತು ಎನ್ನಬೇಕಿತ್ತು. ನನ್ನ ತಲೆ ಎಲ್ಲೋ ಇತ್ತು. "ಇಲ್ಲ, ಇವತ್ತು ಉಣ್ಣುವುದಿಲ್ಲ" ಎಂದುಬಿಟ್ಟೆ.

ಶ್ರಾವ್ಯ ದೇವರು, ಉಪವಾಸ ಎಂದೆಲ್ಲ ಹೇಳಲು ನೋಡಿದಳು. ಅದು ಮೇಯ್ ಬಾಯಲ್ಲಿ ಏನಾಯಿತೋ ಗೊತ್ತಿಲ್ಲ. ನಾಯ್ನಾಯ್ ಎದ್ದು ನಿಂತಳು. ಬೇಯಿಸಿದ ಗೆಣಸು, ಉಣ್ಣದ ಮುದುಕಿ. ಆಕೆಗೆ ಬೇರೇನೂ ಕೇಳಬೇಕಿರಲಿಲ್ಲ. ಒಳಗೆ ಹೋಗಿ ದೊಡ್ಡ ಬಟ್ಟಲಿನ ತುಂಬ ಅನ್ನ ತಂದಳು, ಮೇಲೆ ಒಂದು ಬೇಯಿಸಿದ ಮೊಟ್ಟೆ. ನನ್ನ ಕೈಗೆ ಚಮಚ ತುರುಕಿದಳು.

"ಅಜ್ಜಿ, ನಿಮ್ಮ ಮನೇಲಿ ನಿಮಗೆ ಊಟ ಹಾಕಲ್ವಾ ಅಂತಿದ್ದಾರೆ. ಮಮ್ಮಿಯನ್ನು ಬೈತಿದ್ದಾರೆ!"

ಗಂಡ ಸತ್ತಾಗಿನಿಂದ ಬಿಡದ ಏಕಾದಶಿ. ಮುಂದೆ ಹಬೆಯಾಡುವ ಅನ್ನ, ಮೇಲೆ ಮೊಟ್ಟೆ. ನಾನು ಬಟ್ಟಲನ್ನು ಮೇಜಿನ ಮೇಲಿಟ್ಟು ಶ್ರಾವ್ಯಳಿಗೆ ಹೇಳಿದೆ: "ಹೇಳು ಅವಳಿಗೆ. ಶೂ ಕೊಟ್ರೆ ಉಣ್ತೇನೆ. ಇಲ್ಲದಿದ್ರೆ ಹೀಗೇ ಎದ್ದು ಹೋಗ್ತೇನೆ."

ಮಾತು ಆ ಕಡೆ ಹೋಯಿತು. ನಾಯ್ನಾಯ್ ನನ್ನನ್ನು ನೋಡಿದಳು. ಅಷ್ಟು ಕೋಪದ ಕಣ್ಣು ನಾನು ನನ್ನ ಅತ್ತೆಯಲ್ಲಿ ಮಾತ್ರ ಕಂಡದ್ದು. ಆಮೇಲೆ ಒಳಗಿನಿಂದ ಡಬ್ಬಿಯ ಮುಚ್ಚಳ ತೆಗೆದ ಶಬ್ದ ಬಂತು. ಶೂ ತಂದು ನೆಲಕ್ಕೆ ಕುಕ್ಕಿದಳು. ಅಕ್ಕಿಕಾಳು ಚೆಲ್ಲಾಪಿಲ್ಲಿಯಾಯಿತು, ತಾನೇ ಬಗ್ಗಿ ಒಂದೊಂದನ್ನೂ ಆರಿಸಿದಳು. ನಾನು ಉಂಡೆ. ಮೊಟ್ಟೆಯನ್ನು ಮಾತ್ರ ಮೇಯ್ ಕಡೆ ಸರಿಸಿದೆ. ದೇವರು ಏನು ಅಂದುಕೊಂಡನೋ ಅವನನ್ನೇ ಕೇಳಬೇಕು.

ಗುರುವಾರ ನಾವಿಬ್ಬರೂ ಮೈದಾನಕ್ಕೆ ಹೋದೆವು. ಮಿಕ್ಕ ತಾಯಂದಿರೆಲ್ಲ "ಯಲ್ಲಾ, ಯಲ್ಲಾ" ಎಂದು ಹುರಿದುಂಬಿಸುತ್ತಿದ್ದರು. ನಾಯ್ನಾಯ್ ಒಬ್ಬಳೇ ಹಗ್ಗದ ಬಳಿ ನಿಂತು ಬೇರೇನೋ ಕೂಗುತ್ತಿದ್ದಳು. ನಿಧಾನ, ನಿಧಾನ ಎಂದಂತೆ. ಮೇಯ್ ಎರಡನೆಯದಾಗಿ ಬಂತು. ಅದು ಏದುಸಿರು ಬಿಡುತ್ತಿರುವಾಗಲೇ ನಾಯ್ನಾಯ್ ಚೀಲದಿಂದ ಹಬೆಯಲ್ಲಿ ಬೇಯಿಸಿದ ಬನ್ನು ತೆಗೆದು ಬಾಯಿಗೆ ತುರುಕಿದಳು. ನೀರಿಗೂ ಬಿಡಲಿಲ್ಲ. ಹುಡುಗಿ ಅಗಿಯುತ್ತಲೇ ನಗುತ್ತಿತ್ತು. ನಾಯ್ನಾಯ್ ನಗಲಿಲ್ಲ. ಹುಡುಗಿಯ ಮೊಣಕೈಗಳನ್ನು ಹಿಡಿದು, ಇದೆಯೋ ಇಲ್ಲವೋ ಎನ್ನುವಂತೆ ಒತ್ತಿ ಒತ್ತಿ ನೋಡುತ್ತಿದ್ದಳು.

ಮುಂದಿನ ವರ್ಷ ಅವರು ಊರಿಗೆ ಹೋದರು. ಮತ್ತೆ ಸುದ್ದಿ ಇಲ್ಲ.

ಇವತ್ತು ಸುಮಾ ಸ್ಟೋವ್ ಆರಿಸಿ ಈ ಕಡೆ ತಿರುಗಿದಳು. ಅವಳಿಗೂ ಐವತ್ತು ದಾಟಿತು, ಮೊಣಕಾಲು ನೋವು. ನನ್ನ ಬಾಯಿಗೆ ಆ ಪ್ರಶ್ನೆ ಹೇಗೆ ಬಂತೋ.

"ನಿನ್ನನ್ನು ಆವತ್ತು ತಾಲೂಕಿಗೆ ಆರಿಸಿದ್ದು ಓಟಕ್ಕಾ?"

"ಯಾವತ್ತು?" ಎಂದಳು. ಕುಕ್ಕರನ್ನು ಕೆಳಗಿಳಿಸಿದಳು. "ಓಟಕ್ಕಲ್ಲ ಅಮ್ಮ. ಲಾಂಗ್ ಜಂಪಿಗೆ."

"ಎಷ್ಟು ದೂರ ಹಾರ್ತಿದ್ದೆ?"

ಕೈ ಒರೆಸಿಕೊಂಡು ನೆಲ ನೋಡಿದಳು. ಸ್ಟೋವಿನಿಂದ ಬಾಗಿಲು, ಬಾಗಿಲಿನಿಂದ ಆಚೆಗೆ ಕಣ್ಣಲ್ಲೇ ಅಳೆದಳು.

"ಇಲ್ಲಿಂದ ನಿನ್ನ ಕುರ್ಚಿವರೆಗೆ."

ನಾನು ಚಾಚಿದ್ದ ಕಾಲುಗಳನ್ನು ಒಳಕ್ಕೆ ಎಳೆದುಕೊಂಡೆ.