ಕಂದು ಮೊಟ್ಟೆಗೆ ಹಿಡಿದ ಬೆಳಕು

ಕೋಳಿಮರಿ ಮಾಡಿಸುವ ಕೇಂದ್ರದಲ್ಲಿ ಎಲ್ಲರೂ ಅವಳನ್ನು ದೀಪದಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಅದೇ ಕತ್ತಲೆ ಕೋಣೆ, ಅದೇ ಸ್ಟೂಲು, ತಗಡಿನ ಡಬ್ಬಿಯೊಳಗೆ ಒಂದು ಬಲ್ಬು. ಡಬ್ಬಿಯ ತೂತಿನ ಮೇಲೆ ಮೊಟ್ಟೆ ಇಟ್ಟು ಅರ್ಧ ಸುತ್ತು ತಿರುಗಿಸಿದರೆ ಸಾಕು, ಒಳಗಿನ ಸಮಾಚಾರವೆಲ್ಲ ಅವಳಿಗೆ ಗೊತ್ತಾಗುತ್ತಿತ್ತು. ಏಳನೇ ದಿನಕ್ಕೆ ಕೆಂಪು ನರ ಹರಡಿದ್ದರೆ "ಹೂಂ". ಖಾಲಿ ಇದ್ದರೆ "ಉಹೂಂ". ಅನುಮಾನ ಬಂದರೆ "ನೋಡೋಣ" ಎಂದು ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು ಕಾವು ಕೊಡುವ ಮೆಷಿನ್ನಿಗೇ ವಾಪಸು ಸೇರಿಸಿ, ಮೂರು ದಿನ ಬಿಟ್ಟು ಮತ್ತೆ ನೋಡುತ್ತಿದ್ದಳು. ಅವಳ ಕೆಲಸದ ಮಾನಮರ್ಯಾದೆಯೆಲ್ಲ ಆ "ನೋಡೋಣ"ದಲ್ಲಿತ್ತು. ಮನೆಯಲ್ಲಿ ಗಂಡ ಏನು ಕೇಳಿದರೂ ಬಾಯಿಗೆ ಅದೇ ಬರುತ್ತಿತ್ತು. "ಮದುವೆಗೆ ಮುಂಚೆ ನನಗೂ ಒಂದು ಚುಕ್ಕೆ ಇಟ್ಟಿದ್ದೆ ಅನ್ಸುತ್ತೆ" ಎಂದು ಅವನು ಕಾಲೆಳೆಯುತ್ತಿದ್ದ.

ಹಳೆಯ ಯಜಮಾನರು ಹಾಸಿಗೆ ಹಿಡಿದ ಮೇಲೆ ಅವರ ಅಳಿಯ ಬಂದು ಕುರ್ಚಿಯಲ್ಲಿ ಕೂತ. ಬಂದವನೇ ಬಿಳಿ ಮೊಟ್ಟೆಯ ಕೋಳಿಗಳನ್ನೆಲ್ಲ ಸಾಗಹಾಕಿ ಹೊಸ ತಳಿ ತರಿಸಿದ. ಅವುಗಳ ಮೊಟ್ಟೆ ಗಾಢ ಕಂದು. ಹಳೇ ಬಲ್ಬಿನ ಮೇಲೆ ಇಟ್ಟರೆ ಕಲ್ಲು ಇಟ್ಟ ಹಾಗೆ, ಒಂದು ಚೂರೂ ಬೆಳಕು ದಾಟದು. ಮೊದಲ ದಿನ ದೀಪದಕ್ಕ ಕಣ್ಣುಜ್ಜಿಕೊಂಡು ಮತ್ತೆ ಮತ್ತೆ ನೋಡಿದಳು. ಐವತ್ತು ದಾಟಿತ್ತು, ಕಣ್ಣೇ ಕೈಕೊಟ್ಟಿತೇನೋ ಎಂದುಕೊಂಡಳು. ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಆ ಕಣ್ಣೊಂದು ಹೋದರೆ ಆ ಸ್ಟೂಲಿನ ಮೇಲೆ ಕೂರಲು ಅವಳಿಗೆ ಬೇರೆ ಯಾವ ಹಕ್ಕೂ ಇರಲಿಲ್ಲ.

ಟ್ರೇಗಟ್ಟಲೆ ಮೊಟ್ಟೆಗೆ ಚುಕ್ಕೆ ಬಿತ್ತು. ಅಳಿಯನಿಗೆ ರೇಗಿತು. "ಈ ನೋಡೋಣ ಗೀಡೋಣ ಎಲ್ಲ ಬೇಡ. ಮೆಷಿನ್ನಲ್ಲಿ ಜಾಗ ಇಲ್ಲ. ಇದ್ರೆ ಇದೆ ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ."

"ಈ ಮೊಟ್ಟೆಗೆ ಬೇರೆ ಲೈಟ್ ಬೇಕು ಸರ್."

ಅವನು ಕಾವಲುಗಾರನ ಟಾರ್ಚು ತಂದುಕೊಟ್ಟ. ಅದರ ಬಾಯಿ ಅಂಗೈ ಅಗಲ. ಬೆಳಕೆಲ್ಲ ಮೊಟ್ಟೆಯ ಪಕ್ಕದಿಂದ ಸೋರಿ ಅವಳ ಕಣ್ಣಿಗೇ ಹೊಡೆಯಿತು, ಮೊಟ್ಟೆ ಮಾತ್ರ ಕರ್ರಗೇ ಉಳಿಯಿತು. ಅವಳು ಹಲ್ಲು ಕಚ್ಚಿಕೊಂಡು ಕಾಣದ್ದಕ್ಕೆಲ್ಲ "ಉಹೂಂ" ಎಂದಳು.

ಮನಸ್ಸು ತಡೆಯದೆ ಸಂಜೆ ಕಸದ ಡ್ರಮ್ಮಿನಿಂದ ಇಪ್ಪತ್ತು ಮೊಟ್ಟೆ ತೆಗೆದು ಒಡೆದಳು. ಹದಿಮೂರರಲ್ಲಿ ಜೀವವಿತ್ತು. ಒಂದರಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ ಅವಳ ಕಣ್ಣೆದುರೇ ಮಿಡಿಯುತ್ತಿತ್ತು, ಸ್ವಲ್ಪ ಹೊತ್ತಿಗೆ ನಿಂತಿತು. ಉಳಿದವನ್ನು ಒಡೆಯುವ ಧೈರ್ಯ ಬರಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಎಂಟು ದಿನದ ಒಂದು ಮೊಟ್ಟೆಯನ್ನು ಬೆಚ್ಚಗೆ ಕರವಸ್ತ್ರದಲ್ಲಿ ಸುತ್ತಿಕೊಂಡು ಮೂಲೆಯ ಎಲೆಕ್ಟ್ರಿಕ್ ಅಂಗಡಿಗೆ ಹೋದಳು. "ಮೊಟ್ಟೆ ಬೇಯ್ಸೋಕೆ ಟಾರ್ಚ್ ಸಾಲಲ್ಲಮ್ಮ, ಸ್ಟವ್ ಬೇಕು" ಎಂದ ಅಂಗಡಿಯವನು. ಅವಳು ನಗಲಿಲ್ಲ. ಅವನ ಗೋದಾಮಿನ ಕತ್ತಲೆಯಲ್ಲಿ ನಿಂತು ಟಾರ್ಚುಗಳನ್ನು ಒಂದೊಂದೇ ಹಚ್ಚಿ ನೋಡಿದಳು. ಒಂದರ ಬೆಳಕು ಜೋರು, ಆದರೆ ಗಳಿಗೆಯಲ್ಲಿ ಬೆರಳು ಸುಡುವಷ್ಟು ಬಿಸಿ; ಒಳಗಿನ ಕೂಸು ಬೆಂದೇ ಹೋದೀತು. ಇನ್ನೊಂದು ತಣ್ಣಗಿತ್ತು, ಬೆಳಕೂ ಅಷ್ಟಕ್ಕಷ್ಟೇ. ಕೊನೆಗೆ ಹೆಬ್ಬೆರಳು ಗಾತ್ರದ ಎಲ್ಇಡಿ ಟಾರ್ಚೊಂದು ಸಿಕ್ಕಿತು: ಕಿರಿದಾದ ಬಾಯಿ, ತಣ್ಣನೆ ಮೈ, ಕಣ್ಣು ಕುಕ್ಕುವ ಬೆಳಕು. ಸೈಕಲ್ ಟ್ಯೂಬಿನ ಒಂದು ಬಳೆ ಕತ್ತರಿಸಿ ಬಾಯಿಗೆ ತೊಡಿಸಿ, ಮೊಟ್ಟೆಯ ದಪ್ಪ ತುದಿಗೆ ಸೋರದ ಹಾಗೆ ಒತ್ತಿ ಹಿಡಿದಳು. ನರಗಳು ಕಂಡವು, ನಡುವೆ ಮಿಸುಕಾಡುವ ಜೀವವೂ ಕಂಡಿತು. ಕಣ್ಣಿಗೆ ಏನೂ ಆಗಿರಲಿಲ್ಲ. ಅಂಗಡಿಯವನಿಗೆ ಬೆನ್ನು ಮಾಡಿ ಕಣ್ಣೊರೆಸಿಕೊಂಡಳು.

ಟಾರ್ಚನ್ನು ಸ್ವಂತ ದುಡ್ಡಿನಲ್ಲೇ ತಂದಳು. ಅಳಿಯನಿಗೆ ತೋರಿಸಿದಳು, ಡ್ರಮ್ಮಿನ ಹದಿಮೂರರ ವಿಷಯವನ್ನೂ ಮುಚ್ಚಿಡದೆ ಹೇಳಿದಳು. ಹೇಳಬಾರದಿತ್ತು. ಆದರೆ ಜೀವಮಾನವಿಡೀ ಕಂಡದ್ದನ್ನು ಕಂಡ ಹಾಗೆ ಹೇಳಿದ ಬಾಯಿಗೆ ಬೇರೆ ಅಭ್ಯಾಸ ಎಲ್ಲಿಂದ ಬರಬೇಕು. ಅವನು ತಾನೇ ಒಂದು ಮೊಟ್ಟೆ ಹಿಡಿದು ನೋಡಿದ. "ಅಯ್ಯೋ, ಇಷ್ಟೇನಾ?" ಎಂದು ಹೆಂಡತಿಯನ್ನು ಕರೆದ. ಅವಳೂ ನೋಡಿದಳು. "ನನಗೂ ಕಾಣ್ತಿದೆ ರೀ."

ಸಂಜೆಯೊಳಗೆ ತೀರ್ಮಾನವಾಗಿತ್ತು. "ನಿಮಗೂ ವಯಸ್ಸಾಯ್ತು ದೀಪದಕ್ಕ. ಜೀವ ಇರೋದನ್ನೇ ಎಸ್ದಿದೀನಿ ಅಂತ ನೀವೇ ಒಪ್ಕೊಂಡ್ರಿ. ಇನ್ಮೇಲೆ ಇವಳು ನೋಡ್ತಾಳೆ. ನೀವು ಟ್ರೇ ತೊಳಿಯೋ ಕಡೆ ಇರಿ." ಟಾರ್ಚು ಅವನ ಮೇಜಿನ ಮೇಲೇ ಉಳಿಯಿತು.

ಎರಡು ವಾರದ ಮೇಲೆ ಅವನ ಹೆಂಡತಿ ಒಂದು ಮೊಟ್ಟೆಯನ್ನೂ ಟಾರ್ಚನ್ನೂ ಹಿಡಿದು ಟ್ರೇ ತೊಳೆಯುವ ತೊಟ್ಟಿಯ ಹತ್ತಿರ ಬಂದಳು. "ಅಕ್ಕ, ಇದರಲ್ಲಿ ಕೆಂಪಗೆ ಒಂದು ಉಂಗುರ ಕಾಣ್ತಿದೆ. ಚೆನ್ನಾಗಿದೆ ಅಂತ ತಾನೇ?"

ಉಂಗುರವೆಂದರೆ ಸಾವು. ಕೂಸು ಸತ್ತು ರಕ್ತ ಅಂಚಿಗೆ ಸರಿದು ಗೆರೆಗಟ್ಟಿರುತ್ತದೆ. ಒಳಗೇ ಬಿಟ್ಟರೆ ಕೊಳೆತು, ಸಿಡಿದು, ಸುತ್ತಲಿನ ಜೀವಂತ ಮೊಟ್ಟೆಗಳನ್ನೂ ಕೆಡಿಸುತ್ತದೆ. ದೀಪದಕ್ಕ ಒದ್ದೆ ಕೈಯಲ್ಲಿ ಮೊಟ್ಟೆ ತೆಗೆದುಕೊಂಡು, ಟಾರ್ಚು ಹಚ್ಚಿ, ಅರ್ಧ ಸುತ್ತು ತಿರುಗಿಸಿ ನೋಡಿದಳು. ಟಾರ್ಚಿನ ಬಾಯಿಗೆ ತಾನೇ ತೊಡಿಸಿದ್ದ ರಬ್ಬರ್ ಬಳೆಯ ಮೇಲೆ ಬೆರಳಾಡಿಸಿದಳು.

"ಹೂಂ" ಎಂದಳು. "ಜೀವ ಇದೆ. ಇಡಿ."

ಒಂದು ಮೊಟ್ಟೆಯ ವಿಷಯದಲ್ಲಿ ಅವಳು ಗೊತ್ತಿದ್ದೂ ಹೇಳಿದ ಮೊದಲ ಸುಳ್ಳು ಅದು. ಹೇಳಿದರೆ ಹಗುರಾದೀತು ಎಂದುಕೊಂಡಿದ್ದಳು. ಆಗಲಿಲ್ಲ. ಓಡಿಹೋಗಿ ಹೇಳಿಬಿಡೋಣ ಎಂದು ದಿನಾ ಅನ್ನಿಸಿತು, ದಿನಾ ಕಾಲು ಏಳಲಿಲ್ಲ.

ಆರನೇ ದಿನ ಮೊಟ್ಟೆ ಮೆಷಿನ್ನಿನೊಳಗೇ ಸಿಡಿಯಿತು. ಅದರ ಕೊಳಕು ಬಿದ್ದ ಇಡೀ ಸಾಲನ್ನು ಗುಂಡಿಗೆ ಸುರಿದರು, ಬಹಳಷ್ಟರಲ್ಲಿ ಮರಿ ಬೆಳೆದಿತ್ತು. ನಾರುವ ಟ್ರೇ ತೊಳೆಯಲು ಅವಳ ತೊಟ್ಟಿಗೇ ಬಂತು. ಮೂಗಿಗೆ ಬಟ್ಟೆ ಕೂಡ ಕಟ್ಟಿಕೊಳ್ಳದೆ ಉಜ್ಜುತ್ತಿದ್ದಳು. ಗೋಡೆಯಾಚೆ ಅಳಿಯನ ಹೆಂಡತಿ ಬಿಕ್ಕುತ್ತಿದ್ದಳು. "ಹೋಗ್ಲಿ ಬಿಡು, ಅಳಬೇಡ" ಎನ್ನುತ್ತಿದ್ದ ಅವನು. "ಮೊಟ್ಟೆ ಅಂದ್ಮೇಲೆ ಒಂದಷ್ಟು ಹಾಳಾಗುತ್ತೆ. ಅದಕ್ಕೆಲ್ಲ ಯಾರಾದ್ರೂ ಕೆಲಸ ಬಿಡ್ತಾರಾ?"